ಫಾಂಗ್ ನ್ಗಾ ಕೊಲ್ಲಿಯ ‘ಸಣ್ಣ ಗುಂಪಿನ’ ದೋಣಿ ಪ್ರವಾಸದ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಥಾಯ್ಲೆಂಡಿನ ಫಾಂಗ್ ನ್ಗಾ ಕೊಲ್ಲಿಯಲ್ಲಿ ತಾವು ಏರ್ಪಡಿಸಿದ ಒಂದು ದಿನದ ದೋಣಿ ಮತ್ತು ಕನೂ ಪ್ರವಾಸದಲ್ಲಿ ಆದ ಸೇವಾಲೋಪ ಹಾಗೂ ಹಣ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ನಿಮ್ಮ ಸಂಸ್ಥೆಯ ಮೂಲಕ ಕಾಯ್ದಿರಿಸಿದ್ದ ಈ ಪ್ರವಾಸದ ಬಗ್ಗೆ ಫೋನಿನಲ್ಲಿ ನಾನು ಹೇಳಿಕೊಂಡ ದೂರಿಗೆ ನಿಮ್ಮ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂದಿದೆ. ‘ಸಮುದ್ರದ ಉಬ್ಬರವಿಳಿತ ನಮ್ಮ ಹಿಡಿತದಲ್ಲಿಲ್ಲ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂದಷ್ಟೇ ಅದರಲ್ಲಿದೆ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಉಬ್ಬರ ನಿಮ್ಮ ಹಿಡಿತದಲ್ಲಿಲ್ಲ, ನಿಜ. ದೋಣಿ ಹೊರಡುವ ಹೊತ್ತು ನಿಮ್ಮ ಹಿಡಿತದಲ್ಲಿತ್ತು. ಅದಕ್ಕೆ ಎಷ್ಟು ಜನರನ್ನು ಹತ್ತಿಸಬೇಕು ಎಂಬುದೂ ನಿಮ್ಮ ಹಿಡಿತದಲ್ಲಿತ್ತು. ನನ್ನ ದೂರು ಇವೆರಡರ ಮೇಲೆ. ಬಾಯಿಮಾತಿಗೆ ಸಿಕ್ಕ ಉತ್ತರ ಹೀಗಿರುವುದರಿಂದ ಈಗ ಎಲ್ಲವನ್ನೂ ಬರೆದು ಕಳುಹಿಸುತ್ತಿದ್ದೇನೆ.

ನಿಮ್ಮ ಕರಪತ್ರದಲ್ಲಿ ‘ಹನ್ನೆರಡು ಜನರಿಗೆ ಮೀರದ ಗುಂಪು, ಬೆಳಿಗ್ಗೆ 7.30ಕ್ಕೆ ಫುಕೆಟ್‌ನ ಆವ್ ಪೋ ಜೆಟ್ಟಿಯಿಂದ ಹೊರಡುವ ದೋಣಿ. ಕೊ ಪನಾಕ್ ಮತ್ತು ಕೊ ಹಾಂಗ್ ದ್ವೀಪಗಳ ಗುಹೆಗಳೊಳಗೆ ಕನೂ ಯಾನ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿದೆ. ತಲಾ 4,200 ಬಾತ್‌ನಂತೆ ನನ್ನ ತಾಯಿ, ಪತಿ, ಮಗಳು ಮತ್ತು ನನ್ನ ಲೆಕ್ಕಕ್ಕೆ ಒಟ್ಟು 16,800 ಬಾತ್ ಕಟ್ಟಿದ್ದೇವೆ. ಇದಕ್ಕಿಂತ ಅಗ್ಗದ ಪ್ರವಾಸಗಳು ಇರಲಿಲ್ಲವೆಂದಲ್ಲ. ಆ ಕೊಲ್ಲಿಯ ಬಗ್ಗೆ ಓದಿಕೊಂಡು, ಅಲ್ಲಿ ನೋಡಬೇಕಾದ್ದನ್ನು ದೊಡ್ಡ ಗುಂಪಿನಲ್ಲಿ ಹೋದವರು ನೋಡಲಾರರು ಎಂದು ತಿಳಿದ ಮೇಲೆಯೇ ಇದನ್ನು ಆರಿಸಿಕೊಂಡೆವು.

ಅಲ್ಲಿ ನೋಡಬೇಕಾದದ್ದು ಏನೆಂಬುದು ಪ್ರವಾಸ ಮಾರುವ ನಿಮಗೆ ಗೊತ್ತೇ ಇರಬೇಕು. ಆದರೂ ಬರೆಯುತ್ತೇನೆ, ಏಕೆಂದರೆ ನಾವು ಕಳೆದುಕೊಂಡದ್ದು ಅದನ್ನೇ. ಫಾಂಗ್ ನ್ಗಾದ ಸುಣ್ಣಕಲ್ಲಿನ ದ್ವೀಪಗಳ ಒಡಲಲ್ಲಿ, ಗುಹೆಯ ಚಾವಣಿ ಕುಸಿದು ಆಕಾಶಕ್ಕೆ ತೆರೆದುಕೊಂಡ ಕೊಳಗಳಿವೆ. ಅವನ್ನು ಅಲ್ಲಿನವರು ಹಾಂಗ್ ಎನ್ನುತ್ತಾರೆ. ಸುತ್ತಲೂ ನೆಟ್ಟಗೆ ಎದ್ದ ಬಂಡೆ, ಒಳಗೆ ಕಾಂಡ್ಲಾ ಗಿಡಗಳು, ಅವುಗಳ ಬೇರಿನ ನಡುವೆ ಕೆಸರಿನ ಮೇಲೆ ತೆವಳಿ ನೆಗೆಯುವ ಮೀನುಗಳು. ದ್ವೀಪವನ್ನು ಹೊರಗಿನಿಂದ ನೋಡಿದವರಿಗೆ ಒಳಗೊಂದು ಕೊಳವಿದೆ ಎಂಬ ಸುಳಿವೂ ಸಿಗುವುದಿಲ್ಲ. ಎಷ್ಟೋ ಕಡೆ ಒಳಹೋಗಲು ಇರುವುದು ಸಮುದ್ರದ ಮಟ್ಟದಲ್ಲಿರುವ ಒಂದು ಸುರಂಗ ಮಾತ್ರ. ನೀರು ಪೂರ್ತಿ ಇಳಿದಾಗ ಕನೂ ಕೆಸರಿನಲ್ಲಿ ಕೂರುತ್ತದೆ. ಪೂರ್ತಿ ಏರಿದಾಗ ಸುರಂಗದ ಬಾಯಿಯೇ ಮುಳುಗುತ್ತದೆ. ನಡುವಿನ ಸ್ವಲ್ಪ ಹೊತ್ತು ಮಾತ್ರ, ಕನೂವಿನಲ್ಲಿ ಅಂಗಾತ ಮಲಗಿಕೊಂಡು, ಬಂಡೆಗೆ ಮೂಗು ತಾಗದಂತೆ ನುಸುಳಿ ಹೋಗಬಹುದು. ಹನ್ನೆರಡು ಜನರಾದರೆ ಆ ಹೊತ್ತಿನೊಳಗೆ ಎಲ್ಲರೂ ಹೋಗಿ ಬರಬಹುದು. ಮೂವತ್ತು ಜನರಾದರೆ ಕೊನೆಯವರ ಸರದಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಸಣ್ಣ ಗುಂಪು, ಬೇಗ ಹೊರಡುವುದು ಎಂಬ ನಿಮ್ಮ ಎರಡು ಮಾತುಗಳು ಈ ಪ್ರವಾಸದ ಜೀವವೇ ಆಗಿದ್ದವು.

ಆ ದಿನ 7.10ಕ್ಕೇ ನಾವು ಜೆಟ್ಟಿಯಲ್ಲಿದ್ದೆವು. ಒಂದೊಂದೇ ವ್ಯಾನ್ ಬಂದು ಬೇರೆ ಬೇರೆ ಹೋಟೆಲುಗಳ ಪ್ರವಾಸಿಗರನ್ನು ಇಳಿಸುತ್ತಿತ್ತು. ಅವರೆಲ್ಲ ಬೇರೆ ದೋಣಿಯವರು ಎಂದೇ ತಿಳಿದಿದ್ದೆವು. ಎಲ್ಲರ ಕೈಗೂ ಒಂದೇ ಬಣ್ಣದ ಪಟ್ಟಿ ಕಟ್ಟತೊಡಗಿದಾಗ ವಿಷಯ ಗೊತ್ತಾಯಿತು. ದೋಣಿ ಬಿಟ್ಟದ್ದು 9.20ಕ್ಕೆ. ಅದರಲ್ಲಿ ಮೂವತ್ತನಾಲ್ಕು ಪ್ರವಾಸಿಗರಿದ್ದರು, ಒಬ್ಬನೇ ಮಾರ್ಗದರ್ಶಿ. ನಮ್ಮ ಪಕ್ಕದಲ್ಲಿ ಕುಳಿತಿದ್ದ ದಂಪತಿ ಅದೇ ದೋಣಿಗೆ, ಅದೇ ಊಟಕ್ಕೆ, ಅದೇ ಕನೂಗೆ ತಲಾ 1,800 ಬಾತ್ ಕೊಟ್ಟಿದ್ದರು. ಅವರು ತಮ್ಮ ರಶೀದಿಯನ್ನು ತೋರಿಸಿದಾಗ ನನ್ನ ಪತಿ ಅದರ ಫೋಟೊ ತೆಗೆದುಕೊಂಡಿದ್ದಾರೆ. ಪ್ರತಿಯನ್ನು ಇದರ ಜೊತೆಗಿಟ್ಟಿದ್ದೇನೆ. ‘ಸಣ್ಣ ಗುಂಪು’ ಎಂಬ ಹೆಸರಿಗಾಗಿ ನಮ್ಮಿಂದ ತಲಾ 2,400 ಬಾತ್ ಹೆಚ್ಚಿಗೆ ಪಡೆದು ದೊಡ್ಡ ಗುಂಪಿಗೇ ಸೇರಿಸಿದ್ದೀರಿ. ಇದನ್ನು ‘ಅನನುಕೂಲ’ ಎಂದು ಕರೆದರೆ ಆಗುವುದಿಲ್ಲ. ಹೇಳಿದ್ದೊಂದು, ಕೊಟ್ಟದ್ದೊಂದು.

ಕೊ ಪನಾಕ್ ತಲುಪಿದಾಗ ಹತ್ತು ಗಂಟೆ ಕಳೆದಿತ್ತು. ಕನೂಗಳನ್ನು ನೀರಿಗಿಳಿಸಿ, ಇಬ್ಬಿಬ್ಬರನ್ನು ಕೂರಿಸಿ, ಸಾಲು ಹಿಡಿಸುವಷ್ಟರಲ್ಲಿ ಇನ್ನಷ್ಟು ಹೊತ್ತು ಹೋಯಿತು. ಗುಹೆಯ ಬಾಯಲ್ಲಿ ನಾವು ಕಂಡದ್ದನ್ನು ಬಿಡಿಸಿ ಹೇಳುತ್ತೇನೆ. ಚಾವಣಿಗೆ ಸಿಂಪಿಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು, ಅವುಗಳ ಅಂಚು ಬ್ಲೇಡಿನಷ್ಟು ಹರಿತ. ನೀರಿಗೂ ಆ ಸಿಂಪಿಗಳಿಗೂ ನಡುವೆ ಉಳಿದಿದ್ದದ್ದು ಒಂದು ಗೇಣು. ಒಂದೊಂದು ಅಲೆ ಬಂದಾಗ ಅದೂ ಮುಚ್ಚಿ, ಒಳಗಿನಿಂದ ಗಾಳಿ ಸಿಕ್ಕಿಹಾಕಿಕೊಂಡ ಗುಳುಗುಳು ಸದ್ದು ಬರುತ್ತಿತ್ತು. ನನ್ನನ್ನೂ ಮಗಳನ್ನೂ ಕೂರಿಸಿಕೊಂಡಿದ್ದ ಹುಟ್ಟುಗಾರರು ಹುಟ್ಟಿನ ಅಲಗನ್ನು ನೆಟ್ಟಗೆ ಹಿಡಿದು ಆ ಸಂದಿಗೆ ಒಡ್ಡಿ ನೋಡಿದರು. ಅಲಗು ಹಿಡಿಸಲಿಲ್ಲ. ತಲೆಯಾಡಿಸಿ ಕನೂವನ್ನು ಹಿಂದಕ್ಕೆ ತಿರುಗಿಸಿದರು. ಅವರ ನಿರ್ಧಾರ ನೂರಕ್ಕೆ ನೂರು ಸರಿ. ಗಾಳಿ ತುಂಬಿದ ಆ ಕನೂವನ್ನು ಒಳಗೆ ನುಗ್ಗಿಸಿದ್ದರೆ ನಾವು ಬಂಡೆಗೂ ನೀರಿಗೂ ನಡುವೆ ಸಿಕ್ಕಿಕೊಳ್ಳುತ್ತಿದ್ದೆವು. ನಮಗೆ ದಕ್ಕಿದ್ದು ದ್ವೀಪದ ಹೊರಗೋಡೆಗೆ ಅರ್ಧ ಸುತ್ತು. ಅಷ್ಟು ದೂರ ಬಂದು, ಬಾಗಿಲಲ್ಲಿ ನಿಂತು ಮರಳಿದೆವು.

ಈಗ ‘ಉಬ್ಬರ ನಮ್ಮ ಹಿಡಿತದಲ್ಲಿಲ್ಲ’ ಎಂಬ ನಿಮ್ಮ ಸಬೂಬಿಗೆ ಬರುತ್ತೇನೆ. ಉಬ್ಬರವು ಬಿರುಗಾಳಿಯ ಹಾಗೆ ಹೇಳದೆ ಕೇಳದೆ ಬರುವುದಲ್ಲ. ಅಂಡಮಾನ್ ಸಮುದ್ರದ ಆ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಎತ್ತರ ಎಂಬ ಕೋಷ್ಟಕವನ್ನು ಥಾಯ್ ನೌಕಾಪಡೆಯ ಜಲಮಾಪನ ವಿಭಾಗ ಮುಂಚಿತವಾಗಿಯೇ ಪ್ರಕಟಿಸುತ್ತದೆ. ನಾವು ಹೋದದ್ದು ಹುಣ್ಣಿಮೆಯ ಮಾರನೆಯ ದಿನ. ಅಂದರೆ ಬೆಳಗಿನ ಹೊತ್ತಿನಲ್ಲಿ ನೀರು ಜೋರಾಗಿ ಏರುತ್ತದೆ ಎಂಬುದು ಆ ಜೆಟ್ಟಿಯಲ್ಲಿ ದೋಣಿ ನಡೆಸುವ ಪ್ರತಿಯೊಬ್ಬರಿಗೂ ಗೊತ್ತಿದ್ದ ಸಂಗತಿ. ನಿಮ್ಮ ಕರಪತ್ರದಲ್ಲಿದ್ದಂತೆ 7.30ಕ್ಕೆ ಹೊರಟಿದ್ದರೆ ನೀರು ನಡುಮಟ್ಟದಲ್ಲಿರುವಾಗಲೇ ಸುರಂಗದ ಮುಂದಿರುತ್ತಿದ್ದೆವು. ಗೊತ್ತಿದ್ದೂ ಸುಮಾರು ಎರಡು ಗಂಟೆ ಜೆಟ್ಟಿಯಲ್ಲಿ ನಿಲ್ಲಿಸಿದ್ದು ಇನ್ನಷ್ಟು ಸೀಟು ತುಂಬಿಸುವುದಕ್ಕೆ. ಬೆಟ್ಟಕ್ಕೋ ದೇವಸ್ಥಾನಕ್ಕೋ ಹೋಗುವಾಗ ಎರಡು ಗಂಟೆ ತಡವಾದರೆ ಅದು ಬರೀ ತಡ. ಇಲ್ಲಿ ಎರಡು ಗಂಟೆ ತಡವಾದರೆ ಪ್ರವಾಸವೇ ಇಲ್ಲ.

ಹೋಗಲಿ, ಏರಿದ ನೀರು ಇಳಿಯಲೇಬೇಕಲ್ಲ. ಮಧ್ಯಾಹ್ನದ ಊಟದ ನಂತರ ಮರಳಿ ಪನಾಕ್‌ಗೆ ಹೋದರೆ ಸುರಂಗ ತೆರೆದುಕೊಂಡಿರುತ್ತದೆ ಎಂದು ನನ್ನ ಪತಿ ಮಾರ್ಗದರ್ಶಿಗೆ ಹೇಳಿದರು. ಆತ ಅದನ್ನು ಅಲ್ಲಗಳೆಯಲಿಲ್ಲ. ಸಂಜೆ ದೋಣಿಗೆ ಬೇರೆ ಬಾಡಿಗೆ ಇದೆ, ನಾಲ್ಕು ಗಂಟೆಗೆ ಜೆಟ್ಟಿಗೆ ಮರಳಲೇಬೇಕು ಎಂದ. ಕೊ ಹಾಂಗ್‌ನಲ್ಲಿ ಕನೂ ಇಳಿಸಲೇ ಇಲ್ಲ, ದೋಣಿ ನಿಧಾನಿಸಿದಾಗ ಫೋಟೊ ತೆಗೆದುಕೊಳ್ಳಿ ಎಂದರು. ನಿಮ್ಮ ಉತ್ತರದಲ್ಲಿ ಈ ಬಗ್ಗೆ ಒಂದಕ್ಷರವೂ ಇಲ್ಲ. ಕೊ ಪನ್ಯಿಯಲ್ಲಿ, ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಆ ಊರಿನಲ್ಲಿ, ಊಟ ಚೆನ್ನಾಗಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ.

ಎಲ್ಲಕ್ಕಿಂತ ಗಂಭೀರವಾದದ್ದು ಲೈಫ್ ಜಾಕೆಟ್‌ಗಳ ವಿಚಾರ. ಹಣ ಕೊಡದಿದ್ದರೂ ಸರಿ, ಇದೊಂದನ್ನಾದರೂ ಮನಸ್ಸಿಟ್ಟು ಓದಿ. ನನ್ನ ಎಂಟು ವರ್ಷದ ಮಗಳಿಗೆ ಕೊಟ್ಟದ್ದು ದೊಡ್ಡವರ ಜಾಕೆಟ್. ಪಟ್ಟಿಗಳನ್ನು ಎಷ್ಟು ಬಿಗಿದರೂ, ಭುಜದ ಬಳಿ ಹಿಡಿದೆತ್ತಿದರೆ ಅದು ಅವಳ ಕಿವಿಗಳನ್ನು ದಾಟಿ ಮೇಲೆ ಬರುತ್ತಿತ್ತು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರಿ ಕೆಳಗೆ ಹೋಗುತ್ತದೆ. ಮಕ್ಕಳ ಅಳತೆಯದು ಕೊಡಿ ಎಂದು ಕೇಳಿದರೆ ಇಂದು ಖಾಲಿಯಾಗಿದೆ ಎಂಬ ಉತ್ತರ. ಕಾಯ್ದಿರಿಸುವಾಗ ಮಗುವಿನ ವಯಸ್ಸನ್ನೂ ತೂಕವನ್ನೂ ನಿಮ್ಮವರೇ ಕೇಳಿ ಬರೆದುಕೊಂಡಿದ್ದರು. ಯಾವ ಕೆಲಸಕ್ಕೆ ಬರೆದುಕೊಂಡಿರಿ? 2018ರ ಜುಲೈ 5ರಂದು ಫುಕೆಟ್ ಬಳಿ ಪ್ರವಾಸಿಗರ ದೋಣಿಯೊಂದು ಮುಳುಗಿ 47 ಜನ ಸತ್ತರು. ಅಂಥದ್ದೊಂದು ಆದ ಸಮುದ್ರದಲ್ಲಿ, ಮೂವತ್ತನಾಲ್ಕು ಜನರ ದೋಣಿಯಲ್ಲಿ ಮಕ್ಕಳ ಜಾಕೆಟ್ ಒಂದೂ ಇರಲಿಲ್ಲವೆಂದರೆ ಅದಕ್ಕೆ ಯಾವ ವಿಷಾದವೂ ಸಾಲದು. ಕನೂವಿನಲ್ಲಿದ್ದಷ್ಟು ಹೊತ್ತೂ ನಾನು ಮಗಳ ಜಾಕೆಟ್ಟಿನ ಕೆಳಪಟ್ಟಿಯನ್ನು ಕೈಗೆ ಸುತ್ತಿಕೊಂಡೇ ಕುಳಿತಿದ್ದೆ.

ಇನ್ನು ಕೆಲವು ಸಂಗತಿಗಳು. ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ದರದಲ್ಲೇ ಸೇರಿದೆ ಎಂದು ನಿಮ್ಮ ರಶೀದಿಯಲ್ಲಿದೆ. ಆದರೂ ದೋಣಿಯಲ್ಲಿ ತಲಾ 300 ಬಾತ್‌ನಂತೆ ನಮ್ಮಿಂದ 1,200 ಬಾತ್ ನಗದು ವಸೂಲು ಮಾಡಿದರು. ಉದ್ಯಾನದ ಟಿಕೆಟ್ ಕೇಳಿದರೆ ಕೊಡಲಿಲ್ಲ. ದಡದ ಬಂಡೆಯ ಮೇಲಿದ್ದ ಕೋತಿಗಳಿಗೆ ಮಾರ್ಗದರ್ಶಿಯೇ ಬಾಳೆಹಣ್ಣು ಎಸೆದು ಕನೂಗಳ ಹತ್ತಿರಕ್ಕೆ ಕರೆದ, ಒಂದು ಕೋತಿ ಪಕ್ಕದ ಕನೂವಿನ ಮೇಲೆಯೇ ಹಾರಿತು. ಕೋತಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿಗೆ ಓಡಬೇಕಾಗುತ್ತದೆ. ಕೈಯಿಂದ ತಿನ್ನಿಸಿ ರೂಢಿ ಮಾಡಿಸಿದ ಕೋತಿಯೇ ಮುಂದೆ ಜನರ ಮೈಮೇಲೆ ಬೀಳುವುದು. 1981ರಿಂದ ರಾಷ್ಟ್ರೀಯ ಉದ್ಯಾನವಾಗಿರುವ, 2002ರಲ್ಲಿ ರಾಮ್ಸರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಜಾಗ ಅದು. ಅಲ್ಲಿ ಜನರನ್ನು ಕರೆದೊಯ್ಯುವವರಿಗೆ ಇಷ್ಟು ತಿಳಿದಿರಬೇಕು.

ನಿಮ್ಮ ಕರಪತ್ರದ ಮುಖಪುಟದಲ್ಲಿ, ಜೇಮ್ಸ್ ಬಾಂಡ್ ದ್ವೀಪವೆಂದು ಹೆಸರಾದ ಕೊ ತಪು ಬಂಡೆಯ ಬುಡಕ್ಕೇ ಕನೂ ತಾಗಿ ನಿಂತಿರುವ ಚಿತ್ರವಿದೆ. ಸುಮಾರು 20 ಮೀಟರ್ ಎತ್ತರದ ಆ ಬಂಡೆ ಮೇಲಕ್ಕಿಂತ ಬುಡದಲ್ಲಿ ಸಪೂರವಾಗಿದೆ, ಬುಡ ಸವೆಯುತ್ತಿದೆ. 1998ರಿಂದ ದೋಣಿಗಳು ಅದರ ಸಮೀಪ ಹೋಗುವಂತಿಲ್ಲ. ಎದುರಿನ ದಡದಲ್ಲಿ ನಿಂತು ನೋಡಬಹುದು, ನಾವೂ ಹಾಗೆಯೇ ನೋಡಿದೆವು. ಆ ನಿರ್ಬಂಧ ಸರಿಯಾದದ್ದೇ. ತಪ್ಪು ನಿಮ್ಮ ಚಿತ್ರದ್ದು. ಯಾರಿಗೂ ಅವಕಾಶವಿಲ್ಲದ್ದನ್ನು ಮುಖಪುಟದಲ್ಲಿ ತೋರಿಸಿ ಹಣ ಕಟ್ಟಿಸಿಕೊಳ್ಳುವುದು ಗ್ರಾಹಕರ ಕಣ್ಣಿಗೆ ಮಣ್ಣೆರಚುವ ಕೆಲಸ.

ನಮ್ಮ ಹುಟ್ಟುಗಾರರ ಮೇಲೆ ಈ ದೂರು ಇಲ್ಲ ಎಂಬುದನ್ನು ಸ್ಪಷ್ಟವಾಗಿ ದಾಖಲಿಸುತ್ತೇನೆ. ಅವರು ನನ್ನ ತಾಯಿಯನ್ನು ಕೈಹಿಡಿದು ಕನೂಗೆ ಇಳಿಸಿದರು, ಒಳಗೆ ಹೋಗಲಾಗದಿದ್ದರೂ ಹೊರಗೋಡೆಯ ಬಿರುಕುಗಳಲ್ಲಿದ್ದ ಏಡಿಗಳನ್ನು ಮಗಳಿಗೆ ತೋರಿಸುತ್ತ ಬಂದರು. ಅಪಾಯ ಕಂಡಾಗ ಹಿಂದೆ ಸರಿದರು. ನೀವು ಈ ಹಣವನ್ನು ನಮಗೆ ಮರಳಿಸುವಾಗ ಅದು ಅವರ ಕೂಲಿಯಿಂದ ಮುರಿದ ಹಣವಾಗಿರಬಾರದು ಎಂದು ವಿನಂತಿಸುತ್ತೇನೆ.

ನಮ್ಮಿಂದ ಹೆಚ್ಚಿಗೆ ಪಡೆದ 9,600 ಬಾತ್ ಮತ್ತು ಎರಡನೆಯ ಸಲ ವಸೂಲು ಮಾಡಿದ ಶುಲ್ಕ 1,200 ಬಾತ್, ಒಟ್ಟು 10,800 ಬಾತ್‌ಗೆ ಸಮನಾದ ಮೊತ್ತವನ್ನು ಈ ಪತ್ರ ತಲುಪಿದ 15 ದಿನಗಳೊಳಗೆ ನಾವು ಹಣ ಕಟ್ಟಿದ ಖಾತೆಗೇ ಮರಳಿಸಬೇಕು. ಮುಂದಿನ ಪ್ರವಾಸಕ್ಕೆ ರಿಯಾಯಿತಿ ಕೂಪನ್ ಕೊಡುವುದಾಗಿ ಫೋನಿನಲ್ಲಿ ಹೇಳಿದ್ದಿರಿ, ಅದು ನಮಗೆ ಬೇಡ. ಥಾಯ್ಲೆಂಡಿನ 2008ರ ಕಾನೂನಿನಂತೆ ಅಲ್ಲಿ ಪ್ರವಾಸ ನಡೆಸುವ ಸಂಸ್ಥೆಗೂ ಮಾರ್ಗದರ್ಶಿಗೂ ಪರವಾನಗಿ ಇರಲೇಬೇಕು. ಆ ದಿನ ದೋಣಿ ನಡೆಸಿದ ಸ್ಥಳೀಯ ಸಂಸ್ಥೆಯ ಪರವಾನಗಿ ಸಂಖ್ಯೆಯನ್ನೂ ಮಾರ್ಗದರ್ಶಿಯ ಪರವಾನಗಿ ಸಂಖ್ಯೆಯನ್ನೂ ನನಗೆ ತಿಳಿಸಬೇಕು. ಇವು ಸಿಗದಿದ್ದರೆ ಅಲ್ಲಿನ ಪ್ರವಾಸೋದ್ಯಮ ಇಲಾಖೆಗೆ ನಾನೇ ಬರೆಯುತ್ತೇನೆ. ಕೊ ತಪು ಚಿತ್ರವನ್ನು ಕರಪತ್ರದಿಂದ ತೆಗೆಯಬೇಕು. ಪ್ರತಿ ದಿನಾಂಕದ ಎದುರು ಆ ದಿನದ ಉಬ್ಬರದ ಹೊತ್ತನ್ನೂ ದೋಣಿ ಹೊರಡುವ ಹೊತ್ತನ್ನೂ ಒಟ್ಟಿಗೆ ಅಚ್ಚು ಹಾಕಿದರೆ, ಯಾವ ದಿನ ಸುರಂಗ ತೆರೆದಿರುತ್ತದೆ ಎಂಬುದನ್ನು ಗ್ರಾಹಕರು ಹಣ ಕಟ್ಟುವ ಮೊದಲೇ ತಿಳಿದುಕೊಳ್ಳಬಹುದು.

ಲೈಫ್ ಜಾಕೆಟ್ ವಿಚಾರದಲ್ಲಿ 15 ದಿನ ಕಾಯುವಂತಿಲ್ಲ. ಮುಂದಿನ ದೋಣಿ ಹೊರಡುವ ಮೊದಲೇ ಮಕ್ಕಳ ಅಳತೆಯ ಜಾಕೆಟ್‌ಗಳು ಅದರಲ್ಲಿವೆಯೇ ಎಂದು ವಿಚಾರಿಸಿ, ನನಗೆ ಬರವಣಿಗೆಯಲ್ಲಿ ತಿಳಿಸಿ.

ಗಡುವಿನೊಳಗೆ ಸಮಾಧಾನಕರ ಉತ್ತರ ಬಾರದಿದ್ದರೆ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಸೇವಾ ನ್ಯೂನತೆ ಮತ್ತು ದಾರಿ ತಪ್ಪಿಸುವ ಜಾಹೀರಾತಿಗಾಗಿ ನಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸುತ್ತೇವೆ. ಅದಕ್ಕೆ ಬೇಕಾದ ಕರಪತ್ರ, ಹಣ ಕಟ್ಟಿದ ರಶೀದಿ, 9.20ಕ್ಕೆ ದೋಣಿ ಬಿಡುವಾಗ ತೆಗೆದ ಫೋಟೊ, ಮಗಳು ಆ ಜಾಕೆಟ್ ತೊಟ್ಟಿರುವ ಫೋಟೊ ಎಲ್ಲವೂ ನಮ್ಮ ಬಳಿ ಇವೆ. ಅವುಗಳ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇತಿ,
ತಮ್ಮ ಗ್ರಾಹಕಿ
(ಹೆಸರು, ವಿಳಾಸ ಮತ್ತು ಬುಕಿಂಗ್ ಸಂಖ್ಯೆ ಲಗತ್ತಿಸಿದ ರಶೀದಿಯಲ್ಲಿವೆ)