ಎನ್‌ಡಿಎ ಪರೀಕ್ಷೆ: ಹೆಣ್ಣುಮಕ್ಕಳ ತಂದೆ-ತಾಯಂದಿರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹುಡುಗಿಯರು ಎನ್‌ಡಿಎ (ಸೇನೆಯ ಮೂರೂ ಪಡೆಗಳಿಗೆ ಅಧಿಕಾರಿಗಳನ್ನು ತರಬೇತು ಮಾಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆ ಬರೆಯಬಹುದಾ ಎಂದು ಮಂಡ್ಯದ ಕೆಲವರು ಕೇಳಿದ್ದೀರಿ. ಧಾರಾಳವಾಗಿ ಬರೆಯಬಹುದು. 2021ರಲ್ಲಿ ಸುಪ್ರೀಂ ಕೋರ್ಟ್ ಅವಕಾಶ ಕೊಟ್ಟಿತು. ಆ ಮೊದಲ ಪರೀಕ್ಷೆಗೇ ಒಂದೂವರೆ ಲಕ್ಷಕ್ಕೂ ಜಾಸ್ತಿ ಹುಡುಗಿಯರು ಅರ್ಜಿ ಹಾಕಿದ್ದರು. ಅವರಿಗಿದ್ದ ಸೀಟು ಬರೀ 19! 2025ರ ಮೇ ತಿಂಗಳಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಅಕಾಡೆಮಿಯಿಂದ ತರಬೇತಿ ಮುಗಿಸಿ ಹೊರಬಂದವರು 17 ಮಂದಿ, ಜೊತೆಗೆ 300ಕ್ಕೂ ಹೆಚ್ಚು ಹುಡುಗರು. ಹುಡುಗಿಯರಿಗೆ ಆಸಕ್ತಿ ಇಲ್ಲ ಅಂತ ಸುಮ್ನೆ ಹೇಳೋದು ತಪ್ಪು ಅಲ್ವಾ? ಕಡಿಮೆ ಇರುವುದು ಸೀಟು.

ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ ಒಳಗಿರಬೇಕು, ಮದುವೆ ಆಗಿರಬಾರದು. ಹುಟ್ಟಿದ ತಾರೀಖಿನ ಸರಿಯಾದ ಮಿತಿಯನ್ನು ಆಯಾ ಪರೀಕ್ಷೆಯ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಭೂಸೇನೆಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ನೌಕಾಪಡೆ, ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕು. ಆರ್ಟ್ಸ್ ಮಕ್ಕಳೇ, ಗಣಿತ ನಿಮ್ಮನ್ನೂ ಬಿಡುವುದಿಲ್ಲ. ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಅದರದ್ದೇ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಇಲ್ಲದಿರುವುದು ನಮ್ಮ ಹಳ್ಳಿ ಮಕ್ಕಳಿಗೆ ದೊಡ್ಡ ತೊಡಕು.

ಈ ಪರೀಕ್ಷೆ ನಡೆಸುವ ಯುಪಿಎಸ್‌ಸಿ (ಕೇಂದ್ರ ಲೋಕಸೇವಾ ಆಯೋಗ) ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ. ಹುಡುಗಿಯರಿಗೆ ಶುಲ್ಕ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡಿ. ಅಂದಹಾಗೆ, ಲಿಖಿತ ಪರೀಕ್ಷೆ ಪಾಸಾದವರ ಸಂದರ್ಶನ ನಡೆಸುವ ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ.