ಊಟ ಬಿಟ್ಟ ಮಗಳಿಗೆ ಹಟಮಾರಿ ಎನ್ನಬೇಡಿ

ಮಾನ್ಯ ಸಂಪಾದಕರೇ,

ನನ್ನ ಅಕ್ಕನ ಮಗಳು ಕಲಬುರಗಿಯ ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದುತ್ತಿದ್ದಳು. ಮೊದಲು ಅನ್ನ ಬಿಟ್ಟಳು, ಆಮೇಲೆ ರೊಟ್ಟಿ. ಕೊನೆಕೊನೆಗೆ ಅರ್ಧ ರೊಟ್ಟಿಯನ್ನು ಚೂರು ಚೂರು ಮಾಡಿಕೊಂಡು ಒಂದು ತಾಸು ಕೂರುತ್ತಿದ್ದಳು. ತಟ್ಟೆ ಬದಲಾದರೂ ಅಳು. ಆದರೆ ನಮಗೆಲ್ಲ ತಾನೇ ಎಣಗಾಯಿ ಮಾಡಿ ಬಡಿಸುತ್ತಿದ್ದಳು, ನಾವು ತಿನ್ನುವುದನ್ನೇ ನೋಡುತ್ತಾ ನಿಲ್ಲುತ್ತಿದ್ದಳು. ರಾತ್ರಿಯೆಲ್ಲ ಮೊಬೈಲಿನಲ್ಲಿ ಅಡುಗೆ ವಿಡಿಯೊ. "ಹಟ ಮಾಡ್ಲಿಕತ್ತಾಳ, ಎರಡು ಬಿಟ್ರ ತಿಂತಾಳ" ಎಂದರು ಬಂದವರೆಲ್ಲ. ನಾನೂ ಬೈದೆ. ಆ ನೋವಿನಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮಾರ್ಕ್ಸ್ ಬಿದ್ದಿರಲಿಲ್ಲ. ಅಲ್ಲೇ ನಾವು ಮೋಸ ಹೋದೆವು. ಮೊದಲು ತೋರಿಸಿದ ಕಡೆ ಅಶಕ್ತಿ ಅಂತ ಟಾನಿಕ್ ಬರೆದು ಕಳಿಸಿದರು. ಕೊನೆಗೆ ಮನೋವೈದ್ಯರೊಬ್ಬರು ಇದು ಅನೊರೆಕ್ಸಿಯಾ, ಅಂದರೆ ತೂಕ ಏರುತ್ತದೆಂಬ ಭಯದಿಂದ ಊಟ ಬಿಡಿಸುವ ಮಾನಸಿಕ ಕಾಯಿಲೆ, ಎಂದು ಗುರುತಿಸಿದರು. ಈ ಕಾಯಿಲೆ ಜೋರಾದಾಗಲೂ ಎಷ್ಟೋ ಮಕ್ಕಳು ಚೆನ್ನಾಗಿಯೇ ಓದುತ್ತಾರಂತೆ. ಹಿಡಿದ ನಿಯಮ ಬಿಟ್ಟು ಇನ್ನೊಂದಕ್ಕೆ ಹೊರಳುವುದು, ಬಿಡಿ ವಿವರ ಬಿಟ್ಟು ಇಡೀ ವಿಷಯ ನೋಡುವುದು ಮಾತ್ರ ಅನೇಕರಿಗೆ ಕಷ್ಟವಾಗುತ್ತದೆ. ನಮ್ಮ ಹುಡುಗಿ ಜೀವಶಾಸ್ತ್ರದ ಪಾಠವನ್ನು ಬಾಯಿಪಾಠ ಹೇಳುತ್ತಿದ್ದಳು, ತನ್ನ ಮುಟ್ಟು ನಿಂತು ನಾಲ್ಕು ತಿಂಗಳಾದದ್ದು ಏಕೆಂದು ಅವಳಿಗೆ ಹೊಳೆಯಲಿಲ್ಲ.

ಆಮೇಲೆ ನಾನೂ ಓದತೊಡಗಿದೆ. 1944–45ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಗಟ್ಟಿಮುಟ್ಟಾದ ಯುವಕರಿಗೆ, ಅವರು ಒಪ್ಪಿದ ಮೇಲೆ, 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಸಣ್ಣಗಾಗಬೇಕೆಂಬ ಆಸೆ ಅವರಿಗೇನೂ ಇರಲಿಲ್ಲ. ಆದರೂ ಹಗಲಿರುಳು ಊಟದ್ದೇ ಧ್ಯಾನ. ಅಡುಗೆ ಪುಸ್ತಕ ಹಿಡಿದು ಕೂತರು, ತುತ್ತು ತುತ್ತನ್ನೂ ಎಳೆದೆಳೆದು ತಿಂದರು, ಸಿಡುಕರಾದರು, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ ಎಂದರು. ಓದುತ್ತಾ ನನಗೆ ಕಣ್ಣೀರು ಬಂತು. ಅವಳ ಸ್ವಭಾವ ಎಂದುಕೊಂಡಿದ್ದರಲ್ಲಿ ಎಷ್ಟೊಂದು ಹಸಿವಿನ ಕೆಲಸವಾಗಿತ್ತು! ತೂಕ ಏರುತ್ತದೆಂಬ ಭಯ ಈ ಕಾಯಿಲೆಯದೇ, ಅದು ಬೇರೆ. ಆದರೆ ಹಸಿವು ಆ ಭಯವನ್ನು ಇನ್ನೂ ಬಿಗಿ ಮಾಡುತ್ತದೆ.

ಮಿದುಳಿನ ತೂಕ ದೇಹದ ಶೇ 2ರಷ್ಟು, ಅದಕ್ಕೆ ಬೇಕಾದ ಶಕ್ತಿ ಶೇ 20ರಷ್ಟು. ತೀರಾ ಸೊರಗಿದವರ ಸ್ಕ್ಯಾನ್‌ನಲ್ಲಿ ಮಿದುಳೂ ಕುಗ್ಗಿರುವುದು ಕಾಣುತ್ತದೆ. ತೂಕ ಬಂದಂತೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಹಾಗಾಗಿ ಬುದ್ಧಿಮಾತಿಗಿಂತ ಮೊದಲು ಊಟ ಬೇಕು. ಅದೂ ವೈದ್ಯರ ನಿಗಾದಲ್ಲಿ. ಬಹಳ ದಿನ ಉಪವಾಸವಿದ್ದವರಿಗೆ ಒಮ್ಮೆಲೇ ಜಾಸ್ತಿ ತಿನ್ನಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ನಮ್ಮವಳು ಈಗ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದಾಳೆ. ಮೊನ್ನೆ ತಟ್ಟೆ ಬೇರೆಯಿತ್ತು. ಗಮನಿಸದೇ ಉಂಡು ಎದ್ದಳು.

ಶರಣಬಸವೇಶ್ವರರ ದಾಸೋಹದ ಊರು ನಮ್ಮದು. ಹಸಿದು ಬಂದವರಿಗೆ ಬಡಿಸುವುದು ನಮಗೆ ಗೊತ್ತು. ಮುಂದೆ ತಟ್ಟೆ ಇದ್ದೂ ತಿನ್ನಲಾಗದವರನ್ನು ಕಂಡರೆ ಮಾತ್ರ ಸೊಕ್ಕು ಅನ್ನುತ್ತೇವೆ. ನಮ್ಮ ಪಿಯು ಕಾಲೇಜುಗಳಿಗೆ, ಹಾಸ್ಟೆಲ್‌ಗಳಿಗೆ ನನ್ನದೊಂದು ವಿನಂತಿ. ಸೊರಗುತ್ತಿರುವ ಮಗುವಿನ ಅಂಕ ನೋಡಿ ಸುಮ್ಮನಾಗಬೇಡಿ, ಮನೆಯವರನ್ನು ಕರೆದು ಹೇಳಿ. ಈ ವರ್ಷ ಪರೀಕ್ಷೆ ಬೇಡ, ಆರೋಗ್ಯ ನೋಡಿಕೋ ಎನ್ನುವ ಧೈರ್ಯ ನಮಗೆ ಬರಲಿಲ್ಲ. ಕಾಲೇಜಿನವರು ಒಂದು ಮಾತು ಹೇಳಿದ್ದರೆ ಬರುತ್ತಿತ್ತೇನೋ. ಎಲ್ಲಿ ಕೇಳಬೇಕೆಂದು ತಿಳಿಯದ ಪಾಲಕರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಸರಿ, ಕನ್ನಡದಲ್ಲೇ ಮಾತನಾಡಬಹುದು, ದುಡ್ಡೇನೂ ಇಲ್ಲ.

– ಒಬ್ಬ ಚಿಕ್ಕಮ್ಮ, ಕಲಬುರಗಿ
(ಮಗಳ ಸಲುವಾಗಿ ಹೆಸರು ಬರೆದಿಲ್ಲ)