ಪಟ್ಟಿ ಬೇಡ ಅಪ್ಪ, ಗಡಿಯಾರ ಸಾಕು

ಲಿಯಾನ್, ಫ್ರಾನ್ಸ್, ಭಾನುವಾರ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಚಳಿ ಇಳಿದಿದೆ, ಸ್ವೆಟರ್ ಮಾತ್ರ ಇನ್ನೂ ಬಿಟ್ಟಿಲ್ಲ. ಅಮ್ಮ, ನೀನು ಕಳಿಸಿದ ಹುಳಿಪುಡಿ ತಲುಪಿತು.

ಅಪ್ಪ, ನೀವು ಮೊನ್ನೆ ಫೋನಿನಲ್ಲಿ "ನಾವು ಬಂದಾಗ ಯಾವತ್ತು ಎಲ್ಲಿ ಊಟ ಅಂತ ಈಗಲೇ ಪಟ್ಟಿ ಮಾಡಿಡು" ಅಂದಿರಿ. ಫೋನಿನಲ್ಲಿ ಹೇಳಿದರೆ ಅರ್ಧ ನಿಮಗೆ ಕೇಳಿಸುವುದಿಲ್ಲ, ಇನ್ನರ್ಧ ಅಮ್ಮ ಮಧ್ಯೆ ಮಾತಾಡಿ ತಪ್ಪಿಹೋಗುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪಟ್ಟಿ ಮಾಡುವುದಿಲ್ಲ. ಕಾರಿನಲ್ಲಿ ಊರೂರು ಸುತ್ತುವಾಗ ಯಾವ ಮಧ್ಯಾಹ್ನ ಎಲ್ಲಿರುತ್ತೇವೋ ಯಾರಿಗೆ ಗೊತ್ತು? ಅಮ್ಮನಿಗೆ ದಾರಿಯಲ್ಲಿ ಒಂದು ಕೆರೆ ಕಂಡರೆ ಸಾಕು, ಮುಗಿಯಿತು. ಪಟ್ಟಿ ಇದ್ದರೆ ಆ ಪಟ್ಟಿಯ ಹಿಂದೆ ಓಡುವುದೇ ಆಗುತ್ತದೆ.

ಈಸ್ಟರ್ ರಜೆಯಲ್ಲಿ ನಾನೂ ನನ್ನ ಜೊತೆ ಕೆಲಸ ಮಾಡುವ ಗೆಳತಿಯೂ ಬಾಡಿಗೆ ಕಾರಿನಲ್ಲಿ ಓವರ್ನ್ ಅನ್ನುವ ಬೆಟ್ಟದ ಸೀಮೆಯ ಕಡೆ ಹೋಗಿದ್ದೆವಲ್ಲ, ಆಗಲೂ ಹೀಗೇ. ಸುಮ್ನೆ ಹೊರಟೆವು. ರಾತ್ರಿ ಮಲಗುವ ಜಾಗ ಕೂಡ ಅವತ್ತವತ್ತೇ ಹುಡುಕಿದ್ದು. ಊಟ ಮಾತ್ರ ಎಲ್ಲೂ ಕೆಡಲಿಲ್ಲ. ಈ ದೇಶದಲ್ಲಿ ಯಾವ ಊರಾದರೂ ಪರವಾಗಿಲ್ಲ, ಹೊತ್ತು ಮಾತ್ರ ತಪ್ಪಬಾರದು.

ಮಧ್ಯಾಹ್ನದ ಊಟ 12 ಗಂಟೆಗೆ ಶುರು. ಒಂದೂವರೆ ಆದರೆ ಹಳ್ಳಿ ಕಡೆ ಅಡುಗೆಮನೆಯವರು ಕೈ ತೊಳೆಯಲು ನೋಡುತ್ತಿರುತ್ತಾರೆ. ಎರಡಕ್ಕೆ ಹೋದರೆ "ಮುಗಿಯಿತು" ಅನ್ನುತ್ತಾರೆ, ಅದೂ ಬಹಳ ಮರ್ಯಾದೆಯಿಂದ. ಆಮೇಲೆ ಸಂಜೆ ಏಳು, ಏಳೂವರೆಯವರೆಗೆ ಒಲೆ ಹಚ್ಚುವುದಿಲ್ಲ. ಮೂರು ಗಂಟೆಗೆ ಹಸಿದುಕೊಂಡು ಬರುವವರಿಗೆ ಯಾರು ಬಾಗಿಲು ತೆರೆದಿಡುತ್ತಾರೆ ಹೇಳಿ? ದೊಡ್ಡ ಚರ್ಚಿನ ಎದುರು, ಕೋಟೆಯ ಬಾಗಿಲಲ್ಲಿ ಪ್ರವಾಸಿಗರಿಗೆಂದೇ ಇರುವ ಜಾಗಗಳು. ಅಲ್ಲಿ ಪೊಟ್ಟಣದಿಂದ ತೆಗೆದು ಬಿಸಿ ಮಾಡಿ ಕೊಟ್ಟರೂ ಕೇಳುವವರಿಲ್ಲ. "ಫ್ರಾನ್ಸಿನಲ್ಲಿ ಊಟ ಏನೂ ಚೆನ್ನಾಗಿಲ್ಲ" ಅನ್ನುವವರನ್ನು ಎಷ್ಟು ಹೊತ್ತಿಗೆ ತಿಂದಿರಿ ಅಂತ ಕೇಳಬೇಕು. ನಿಮಗೆ ಹೇಗೂ ಶುಗರ್ ಇದೆ, ಹನ್ನೆರಡೂವರೆಗೆ ಊಟ ಬೇಕೇ ಬೇಕು. ಈ ವಿಷಯದಲ್ಲಿ ನೀವು ನನಗಿಂತ ಜಾಸ್ತಿ ಫ್ರೆಂಚ್.

ದೊಡ್ಡ ಊಟ ಮಧ್ಯಾಹ್ನವೇ ಮಾಡಿಬಿಡುವುದು ಜಾಣತನ. ಅದೇ ಅಡುಗೆಮನೆ, ಅದೇ ಬಾಣಸಿಗ, ಆದರೆ ವಾರದ ದಿನಗಳ ಮಧ್ಯಾಹ್ನ 'ಫಾರ್ಮ್ಯೂಲ್' ಅಂತ ಒಂದು ಕಟ್ಟು ಊಟ ಇರುತ್ತದೆ. ಮೊದಲಿಗೆ ಒಂದು ಸಣ್ಣದು, ನಡುವೆ ಮುಖ್ಯ ತಟ್ಟೆ, ಕೊನೆಗೆ ಸಿಹಿ. ಮೂರರಲ್ಲಿ ಎರಡನ್ನೇ ತೆಗೆದುಕೊಂಡರೂ ಆಗುತ್ತದೆ. ಸಣ್ಣ ಊರುಗಳಲ್ಲಿ ಹೆಚ್ಚಾಗಿ 16ರಿಂದ 22 ಯೂರೋ ಒಳಗೆ ಮುಗಿಯುತ್ತದೆ. ಅಪ್ಪ, ಅದನ್ನು ರೂಪಾಯಿಗೆ ಗುಣಿಸುತ್ತಾ ಕೂರಬೇಡಿ, ಗಂಟಲಲ್ಲಿ ಇಳಿಯುವುದಿಲ್ಲ. ರಾತ್ರಿ ಅಲ್ಲೇ ಕೂತರೆ ಅದರ ಎರಡರಷ್ಟು ಆದರೂ ಆಯಿತು. ರಾತ್ರಿಗೆ ನಾವು ಬ್ರೆಡ್ಡು, ಚೀಸು, ಹಣ್ಣು ತಂದು ರೂಮಿನಲ್ಲೇ ತಿನ್ನೋಣ.

ಇನ್ನು ಹೋಟೆಲ್ ಆರಿಸುವುದು. ನಾನು ಮೊದಲು ನೋಡುವುದು ಬಾಗಿಲ ಪಕ್ಕದ ಕಪ್ಪು ಹಲಗೆ. ಸೀಮೆಸುಣ್ಣದಲ್ಲಿ ಅವತ್ತಿನದನ್ನು ಅವತ್ತೇ ಬರೆದಿರಬೇಕು. ಮೂರೋ ನಾಲ್ಕೋ ಅಡುಗೆ, ಅಷ್ಟೇ. ಒಂದು ಹೆಸರನ್ನು ಆಗಲೇ ಅಳಿಸಿದ್ದರೆ ಇನ್ನೂ ಒಳ್ಳೆಯದು, ಖಾಲಿಯಾಗಿದೆ ಅಂತ ಅರ್ಥ. ಅದರ ಬದಲು ಪ್ಲಾಸ್ಟಿಕ್ ಹಾಳೆಯೊಳಗೆ ಅಡುಗೆಗಳ ಬಣ್ಣದ ಫೋಟೋ, ಐದಾರು ಭಾಷೆ, ನಲವತ್ತು ಐವತ್ತು ಹೆಸರು ಇದ್ದರೆ ಮುಂದೆ ನಡೆಯಿರಿ. ಅಷ್ಟೊಂದು ಅಡುಗೆಯನ್ನು ಇಬ್ಬರು ಮೂವರು ಇರುವ ಅಡುಗೆಮನೆ ದಿನಾ ಹೊಸದಾಗಿ ಹೇಗೆ ಮಾಡುತ್ತದೆ? ಹೊರಗೆ ನಿಂತು ಬನ್ನಿ ಬನ್ನಿ ಅಂತ ಕರೆಯುವವರಿದ್ದರೆ ಇನ್ನೂ ಜೋರಾಗಿ ನಡೆಯಿರಿ.

ಎರಡನೆಯದಾಗಿ, ಆ ಸೀಮೆಯ ಅಡುಗೆ ಇದೆಯಾ ಅಂತ ನೋಡಬೇಕು. ಇಡೀ ದೇಶಕ್ಕೆ ಒಂದೇ ಫ್ರೆಂಚ್ ಊಟ ಅಂತ ಇಲ್ಲ. ಬಿಳಿ ಬೀನ್ಸ್ ಕಾಳು, ಮಾಂಸ ಹಾಕಿ ಗಂಟೆಗಟ್ಟಲೆ ಬೇಯಿಸುವ ಕಾಸುಲೆ ದಕ್ಷಿಣದ ಕಾಸ್ತೆಲ್‌ನೋದಾರಿ, ತುಲೂಸ್ ಕಡೆಯದು. ಬೂಯಾಬೆಸ್ ಎಂಬ ಮೀನಿನ ಸಾರು ಮಾರ್ಸೇಯದು. ಕಂದು ಬಣ್ಣದ ಬಕ್‌ವೀಟ್ ಹಿಟ್ಟಿನ ಗಾಲೆತ್ ಬ್ರಿಟನಿಯದು. ಈ ಮೂರೂ ಒಂದೇ ಮೆನುವಿನಲ್ಲಿ, ಅದೂ ಪ್ಯಾರಿಸ್ಸಿನ ಪ್ರವಾಸಿಗರ ಬೀದಿಯಲ್ಲಿ ಕಂಡರೆ, ಮೂರೂ ಬಂದಿರುವುದು ಒಂದೇ ಫ್ರೀಜರಿನಿಂದ ಇರಬಹುದು. ಹಾಗಂತ ಹಳೆಯದು ಮಾತ್ರ ಅಸಲಿ ಅಂತಲೂ ಅಲ್ಲ. ಆಲ್ಪ್ಸ್ ಬೆಟ್ಟದ ಸಾವುವಾ ಕಡೆ ತಾರ್ತಿಫ್ಲೆತ್ ಅಂತ ಆಲೂಗಡ್ಡೆ ಚೀಸಿನ ಅಡುಗೆ ಇದೆ. ಅಜ್ಜಿಯ ಕಾಲದ್ದು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಅದು ಹೆಸರು ಮಾಡಿದ್ದು 1980ರ ದಶಕದಲ್ಲಿ, ರೆಬ್ಲೊಶೋಂ ಚೀಸ್ ಮಾಡುವವರು ತಮ್ಮ ಚೀಸ್ ಜಾಸ್ತಿ ಮಾರಾಟವಾಗಲಿ ಅಂತ ಪ್ರಚಾರ ಮಾಡಿ. ರುಚಿ ಮಾತ್ರ ಬಹಳ ಚೆನ್ನಾಗಿದೆ.

ಬಾಗಿಲ ಮೇಲೆ ಒಂದು ಚಿಕ್ಕ ಚಿತ್ರವನ್ನೂ ನೋಡುತ್ತೀರಿ, ಮನೆಯ ಮಾಡಿನ ಆಕಾರದ ಮುಚ್ಚಳ ಇರುವ ಪಾತ್ರೆ. 2014ರಿಂದ ಇದಕ್ಕೆ ಕಾನೂನಿದೆ. ಹಸಿ ಪದಾರ್ಥದಿಂದ ಅಲ್ಲೇ ಬೇಯಿಸಿದ ಅಡುಗೆಗೆ ಮಾತ್ರ ಈ ಗುರುತು ಹಾಕಬಹುದು. ಆದರೆ ಹಸಿ ತರಕಾರಿ, ಮಾಂಸ ಫ್ರೀಜ್ ಆಗಿ ಬಂದಿದ್ದರೂ ನಡೆಯುತ್ತದೆ. ಗುರುತು ಹಾಕಿಕೊಳ್ಳುವವರೂ ಹೋಟೆಲಿನವರೇ. ಹಾಗಾಗಿ ನಾನು ಇದನ್ನು ಅರ್ಧ ನಂಬುತ್ತೇನೆ. 'ಮೇತ್ರ್ ರೆಸ್ತೊರಾತರ್' ಅನ್ನುವ ಫಲಕವನ್ನು ಸ್ವಲ್ಪ ಹೆಚ್ಚು ನಂಬಬಹುದು. ಹೊರಗಿನವರು ಬಂದು ತಪಾಸಣೆ ಮಾಡಿದ ಮೇಲೆ ಸರ್ಕಾರವೇ ಕೊಡುತ್ತದೆ, ಕೆಲವು ವರ್ಷಕ್ಕೊಮ್ಮೆ ಮತ್ತೆ ಪಡೆಯಬೇಕು.

ಅಪ್ಪ, ಈಗ ನಿಮಗೆ ಇಷ್ಟವಾಗುವ ವಿಷಯ. ಚಿತ್ರದುರ್ಗದಿಂದ ಹುಬ್ಬಳ್ಳಿಗೆ ಹೋಗುವಾಗೆಲ್ಲ ನೀವು "ಲಾರಿ ಸಾಲಾಗಿ ನಿಂತಿದ್ದರೆ ಕಾರು ನಿಲ್ಲಿಸು" ಅನ್ನುತ್ತಿದ್ದಿರಲ್ಲ, ಇಲ್ಲೂ ಅದೇ ಮಾತು ನಡೆಯುತ್ತದೆ! ಲಾರಿ ಚಾಲಕರಿಗೆ ಅಂತಲೇ 1934ರಲ್ಲಿ ಶುರುವಾದ 'ಲೆ ರೂತಿಯೇ' ಅನ್ನುವ ಹೋಟೆಲುಗಳ ಬಳಗ ಇದೆ. ಅರ್ಧ ಕೆಂಪು, ಅರ್ಧ ನೀಲಿ ಬಣ್ಣದ ಗುಂಡು ಫಲಕ. ಟೋಲ್ ಕಟ್ಟುವ ದೊಡ್ಡ ಹೆದ್ದಾರಿಯಲ್ಲಿ ಇವು ಸಿಗುವುದು ಕಷ್ಟ, ಹಳೆಯ ರಾಷ್ಟ್ರೀಯ ರಸ್ತೆಗಳ ಪಕ್ಕ ನೋಡಬೇಕು. ನಾವು ಲಿಯಾನ್‌ನಿಂದ ಲ ಪ್ವಿ ಊರಿನ ಕಡೆ ಎನ್ 88 ರಸ್ತೆಯಲ್ಲಿ ಹೋಗುವಾಗ ಅಂಥದೊಂದರಲ್ಲಿ ಕೂತೆವು. ಉದ್ದ ಮೇಜು, ಕಾಗದದ ಹಾಸು, ಪಕ್ಕದಲ್ಲಿ ನಾಲ್ಕು ಜನ ಚಾಲಕರು. ಕೂರುವ ಮೊದಲು ಎಲ್ಲರೂ ಎಲ್ಲರಿಗೂ ಬೋಂಜೂರ್, ಅಂದರೆ ನಮಸ್ಕಾರ, ಹೇಳುತ್ತಾರೆ. ಮೊದಲ ಸುತ್ತಿನ ಸಲಾಡುಗಳನ್ನು ನಾವೇ ಎದ್ದು ಬಡಿಸಿಕೊಳ್ಳಬೇಕು. ಆಮೇಲೆ ಸಾಸಿವೆ ಗೊಜ್ಜಿನಲ್ಲಿ ಬೇಯಿಸಿದ ಮೊಲದ ಮಾಂಸ ಬಂತು, ಆಮೇಲೆ ಚೀಸು, ಆಮೇಲೆ ಸೇಬಿನ ಪೈ. ಬಡಿಸುವ ಹೆಂಗಸು ನಮ್ಮ ತಟ್ಟೆ ನೋಡಿ ಕೇಳದೇ ಇನ್ನಷ್ಟು ಹಾಕಿದಳು. ಪಕ್ಕದಲ್ಲಿದ್ದವರಲ್ಲಿ ಒಬ್ಬರು, ನಾನು ಭಾರತದವಳು ಅಂದಿದ್ದಕ್ಕೆ, ನಿಮ್ಮ ಕಡೆ ಲಾರಿಗಳಿಗೆ ಅಷ್ಟೊಂದು ಬಣ್ಣ ಯಾಕೆ ಬಳಿಯುತ್ತಾರೆ ಅಂತ ಕೇಳಿದರು. ನೀವು ಬಂದಾಗ ನೀವೇ ಉತ್ತರ ಹೇಳಿ.

ಹೋಟೆಲ್ ಊಟಕ್ಕೂ ಟೈರಿಗೂ ಒಂದು ನಂಟಿದೆ, ನಿಮಗೆ ಗೊತ್ತಿದ್ದರೂ ಗೊತ್ತಿರಬಹುದು. ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಕೆಂಪು ಪುಸ್ತಕದ ಮಿಶೆಲಿನ್ ಬೇರೆ ಯಾರೂ ಅಲ್ಲ, ಟೈರ್ ಕಂಪನಿಯೇ. ಅವರ ಊರು ಕ್ಲೆರ್ಮೋಂ-ಫೆರಾಂ, ನಾವು ಹೋಗಿದ್ದ ಸೀಮೆಯಲ್ಲೇ ಇದೆ. 1900ರಲ್ಲಿ ಇಡೀ ಫ್ರಾನ್ಸಿನಲ್ಲಿ 3,000 ಕಾರೂ ಇರಲಿಲ್ಲ. ಜನ ಕಾರಿನಲ್ಲಿ ಜಾಸ್ತಿ ಸುತ್ತಲಿ, ಟೈರ್ ಸವೆಯಲಿ ಅಂತ ಮಿಶೆಲಿನ್ ಅಣ್ಣತಮ್ಮಂದಿರು ಪುಕ್ಕಟೆ ಹಂಚಿದ ಪುಸ್ತಕ ಅದು. ನಕ್ಷತ್ರ ಬಂದಿದ್ದು 1926ರಲ್ಲಿ. ನಕ್ಷತ್ರದ ಹೋಟೆಲು ನಮಗೆ ಬೇಡ, ಮೂರು ತಿಂಗಳ ಮುಂಚೆ ಜಾಗ ಹಿಡಿಯುವ ಗೋಳು ಯಾರಿಗೆ ಬೇಕು? ಅದೇ ಪುಸ್ತಕದಲ್ಲಿ, ಟೈರ್ ಬೊಂಬೆ ನಾಲಿಗೆ ಸವರಿಕೊಳ್ಳುವ ಇನ್ನೊಂದು ಗುರುತಿದೆ. ಬಿಬ್ ಗೂರ್ಮಾಂ ಅಂತಾರೆ. ಕಡಿಮೆ ಬೆಲೆಗೆ ಒಳ್ಳೆಯ ಊಟ ಸಿಗುವ ಕಡೆಗೆ ಅದು. ಸಂಜೆ ಒಂದು ಊರಿಗೆ ಬಂದು ಇಳಿದಾಗ ಫೋನಿನಲ್ಲಿ ಅದನ್ನು ನೋಡುತ್ತೇನೆ.

ಮರುದಿನದ ಮಧ್ಯಾಹ್ನದ ಬಗ್ಗೆ ಅವತ್ತೇ ಬೆಳಿಗ್ಗೆ ಹತ್ತು ಗಂಟೆಗೆ ಯೋಚಿಸಿದರೆ ಸಾಕು. ಸಂತೆ ಇದ್ದರೆ ಸಂತೆಗೆ ಹೋಗುತ್ತೇನೆ. ಲ ಪ್ವಿಯಲ್ಲಿ ಶನಿವಾರ ಸಂತೆ. ಚೀಸ್ ಮಾರುವವರ ಹತ್ತಿರ ಚೂರು ಚೀಸ್ ಕೊಂಡು, "ನೀವು ಮಧ್ಯಾಹ್ನ ಎಲ್ಲಿ ಊಟ ಮಾಡುತ್ತೀರಿ?" ಅಂತ ಕೇಳುತ್ತೇನೆ. "ಎಲ್ಲಿ ಚೆನ್ನಾಗಿದೆ?" ಅಂತ ಕೇಳಬಾರದು. ಹಾಗೆ ಕೇಳಿದರೆ ಪರದೇಶದವರಿಗೆ ಹೇಳುವ ಉತ್ತರ ಬರುತ್ತದೆ, ದುಬಾರಿಯದು. ಹೆಸರು ಸಿಕ್ಕಿದ ಕೂಡಲೇ ಫೋನ್ ಮಾಡಿ ಹನ್ನೆರಡೂವರೆಗೆ ಇಬ್ಬರು ಅಂತ ಹೇಳಿಬಿಡುತ್ತೇನೆ. ಇಲ್ಲಿ ಒಂದು ಮೇಜಿಗೆ ಒಂದೇ ಪಂಕ್ತಿ, ಎದ್ದ ಕೂಡಲೇ ಇನ್ನೊಬ್ಬರನ್ನು ಕೂರಿಸುವುದು ಕಡಿಮೆ. ಭಾನುವಾರ ರಾತ್ರಿ ಮತ್ತು ಸೋಮವಾರ ಎಷ್ಟೋ ಕಡೆ ಬಾಗಿಲು ಹಾಕಿರುತ್ತಾರೆ. ಆ ಎರಡು ಹೊತ್ತಿಗೆ ನಾವು ಸಣ್ಣ ಹಳ್ಳಿಯಲ್ಲಿ ಇರದಂತೆ ನೋಡಿಕೊಳ್ಳೋಣ.

ಅಮ್ಮ, ಇನ್ನು ನಿನ್ನ ವಿಷಯ. ಮಾಂಸ, ಮೀನು ಮುಟ್ಟದ ನಿನಗೆ ಇಲ್ಲಿ ಸುಲಭ ಅಂತ ಸುಳ್ಳು ಹೇಳುವುದಿಲ್ಲ. ಸಲಾಡ್ ಅಂತ ತರಿಸಿದರೆ ಸೊಪ್ಪಿನ ಮಧ್ಯೆ ಹಂದಿ ಮಾಂಸದ ಚೂರು ಇರುತ್ತದೆ. ತರಕಾರಿ ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಮಾಂಸ ಬೇಡ ಅಂದರೆ ಕೆಲವರು ಮೀನು ತಂದಿಡುತ್ತಾರೆ. ಅದಕ್ಕೆ "ನಿ ವಿಯಾಂದ್, ನಿ ಪ್ವಾಸೋಂ" ಅಂತ ಬಾಯಿಪಾಠ ಮಾಡಿಕೋ, ಮಾಂಸವೂ ಬೇಡ ಮೀನೂ ಬೇಡ ಅಂತ. ಚೀಸಿನ ಬಗ್ಗೆಯೂ ಹೇಳಿಬಿಡುತ್ತೇನೆ. ಇಲ್ಲಿನ ಹೆಸರಾಂತ ಹಳೆಯ ಚೀಸುಗಳಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಬೇಕೋ ಬೇಡವೋ ನೀನೇ ಯೋಚನೆ ಮಾಡು, ನಾನು ಒತ್ತಾಯ ಮಾಡುವುದಿಲ್ಲ.

ಚೀಸ್ ಪರವಾಗಿಲ್ಲ ಅಂದರೆ ನಿನ್ನನ್ನು ಓಬ್ರಾಕ್ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ. ಮರ ಇಲ್ಲದ ಹುಲ್ಲುಗಾವಲು, ಎಲ್ಲಿ ನೋಡಿದರೂ ಕಾಡಿಗೆ ಹಚ್ಚಿದಂಥ ಕಣ್ಣಿನ ಹಸುಗಳು. ಅಲ್ಲಿ ಅಲಿಗೊ ಮಾಡುತ್ತಾರೆ. ಬೇಯಿಸಿ ನುಣ್ಣಗೆ ಮಾಡಿದ ಆಲೂಗಡ್ಡೆಗೆ ಬೆಣ್ಣೆ, ಕೆನೆ, ಬೆಳ್ಳುಳ್ಳಿ, ಇನ್ನೂ ಹಣ್ಣಾಗದ ಹೊಸ ಚೀಸ್ ಹಾಕಿ ಒಲೆಯ ಮೇಲೆ ಮರದ ಸೌಟಿನಲ್ಲಿ ತಿರುವುತ್ತಾರೆ. ತಿರುವಿ ತಿರುವಿ ಅದು ದಾರ ಬರಬೇಕು. ಮೇಜಿನ ಹತ್ತಿರ ತಂದು ಸೌಟನ್ನು ತಲೆಯ ಮೇಲಿನವರೆಗೆ ಎತ್ತುತ್ತಾರೆ, ಎಳೆ ಕಡಿಯುವುದಿಲ್ಲ. ಲಾಯೋಲ್ ಊರಲ್ಲಿ ನಾನು ಜಾಸ್ತಿ ತಿಂದು ಸಂಜೆಯವರೆಗೆ ನಡೆದಾಡಿದ್ದೇ ಕೆಲಸ. ಅದರ ಜೊತೆ ಸಾಸೇಜು ಇಡುವುದು ರೂಢಿ, ಬೇಡ ಅಂತ ಮೊದಲೇ ಹೇಳಬೇಕು. ಪಕ್ಕದ ಕಾಂತಾಲ್ ಕಡೆಯ ತ್ರುಫಾದ್ ನೋಡಲು ಇದರ ಅಕ್ಕತಂಗಿಯಂತೆ ಇರುತ್ತದೆ, ಆದರೆ ಹಂದಿ ಕೊಬ್ಬಿನಲ್ಲಿ ಹುರಿಯುತ್ತಾರೆ. ಅದು ಬೇಡ.

ಲ ಪ್ವಿಯ ಹಸಿರು ಚನ್ನಂಗಿ ಬೇಳೆಯೂ ಇದೆ. ಬೆಂಕಿಬೆಟ್ಟದ ಮಣ್ಣಿನಲ್ಲಿ ಬೆಳೆಯುವ, ಎಷ್ಟು ಬೇಯಿಸಿದರೂ ಸುಲಭಕ್ಕೆ ಒಡೆಯದ ಪುಟ್ಟ ಕಾಳು. ನಮ್ಮ ಲಿಯಾನ್‌ನಲ್ಲಿ ಬೂಶೋಂ ಅನ್ನುವ ಸಣ್ಣ ಹೋಟೆಲುಗಳಿವೆ. ಕರುಳು, ನಾಲಿಗೆ ಎಲ್ಲ ಬೇಯಿಸುವ ಕಡೆ ಅವು, ಅಪ್ಪನಿಗೆ ಹಬ್ಬ. ನಿನಗೆ ಅಲ್ಲಿ ಮೊಸರಿನಂಥ ಹೊಸ ಚೀಸಿಗೆ ಬೆಳ್ಳುಳ್ಳಿ, ಸೊಪ್ಪು, ಎಣ್ಣೆ ಕಲಸಿದ್ದು ಸಿಗುತ್ತದೆ, ಆಲೂಗಡ್ಡೆ ಜೊತೆ ಚೆನ್ನಾಗಿರುತ್ತದೆ. ಈ ಊರಿನ ಅಡುಗೆಗೆ ಹೆಸರು ತಂದವರು ಹೆಂಗಸರು. ಶ್ರೀಮಂತರ ಮನೆಯಲ್ಲಿ ಅಡುಗೆಗಿದ್ದವರು ಹೊರಗೆ ಬಂದು ತಮ್ಮದೇ ಹೋಟೆಲ್ ತೆರೆದರು. ಅವರಲ್ಲಿ ಒಬ್ಬರು, ಯೂಜೆನಿ ಬ್ರಾಜಿಯೇ, 1933ರಲ್ಲಿ ತಮ್ಮ ಎರಡು ಹೋಟೆಲುಗಳಿಗೆ ಮೂರು ಮೂರು ನಕ್ಷತ್ರ ತಂದರು. ಆ ಕೆಂಪು ಪುಸ್ತಕದಲ್ಲಿ ಅದಕ್ಕೂ ಮೊದಲು ಯಾರಿಗೂ ಒಟ್ಟಿಗೆ ಆರು ನಕ್ಷತ್ರ ಸಿಕ್ಕಿರಲಿಲ್ಲ.

ಕೂತ ಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಒಳಗೆ ಹೋಗಿ ಬೋಂಜೂರ್ ಹೇಳಿ ನಿಲ್ಲಬೇಕು, ಅವರೇ ಜಾಗ ತೋರಿಸುತ್ತಾರೆ. ನೀರು ಬೇಕಾದರೆ "ಕರಾಫ್ ದೋ" ಅನ್ನಿ, ನಲ್ಲಿ ನೀರು ಹೂಜಿಯಲ್ಲಿ ಬರುತ್ತದೆ, ದುಡ್ಡಿಲ್ಲ. ಬ್ರೆಡ್ಡಿಗೂ ಇಲ್ಲ. ಸೇವೆಯ ದುಡ್ಡು ಬೆಲೆಯಲ್ಲೇ ಸೇರಿರುತ್ತದೆ. ಅಪ್ಪ, ನೀವು ನೂರು ರೂಪಾಯಿ ತಟ್ಟೆಯಡಿ ಇಡುವ ಅಭ್ಯಾಸ ಬೇಕಾಗಿಲ್ಲ. ಬಿಲ್ಲನ್ನು ಕೇಳದೆ ತರುವುದಿಲ್ಲ, ನಮ್ಮನ್ನು ಮರೆತಿದ್ದಾರೆ ಅಂತ ಸಿಟ್ಟಾಗಬೇಡಿ.

ಟಿಕೆಟ್ ಜೂನ್ ಮೊದಲ ಎರಡು ವಾರಕ್ಕೆ ನೋಡಿ. ಮೇ ತಿಂಗಳಲ್ಲಿ ಸರ್ಕಾರಿ ರಜೆಗಳು ಜಾಸ್ತಿ, ಆಗಸ್ಟಿನಲ್ಲಿ ಲಿಯಾನ್‌ನ ಎಷ್ಟೋ ಹೋಟೆಲಿನವರು ತಾವೇ ರಜೆ ಹೋಗಿರುತ್ತಾರೆ. ಮೇ ಕೊನೆಗೆ ಓಬ್ರಾಕ್‌ನ ಹಸುಗಳು ಬೆಟ್ಟ ಹತ್ತಿರುತ್ತವೆ, ದಾರಿಯೆಲ್ಲ ಹಸಿರು. ವೀಸಾಗೆ ನಾನು ಕಳಿಸಬೇಕಾದ ಕಾಗದಗಳನ್ನು ಈ ವಾರವೇ ಕಳಿಸುತ್ತೇನೆ. ತಾರೀಖು ಗಟ್ಟಿಯಾದ ದಿನ ಫೋನ್ ಮಾಡಿ, ಕಾರು ಮಾತ್ರ ಮುಂಚೆ ಗೊತ್ತುಮಾಡಬೇಕು.

ಅಜ್ಜಿಗೆ ನನ್ನ ನಮಸ್ಕಾರ ಹೇಳಿ.

ನಿಮ್ಮ ಪ್ರೀತಿಯ
ಪುಟ್ಟಿ